ತೂಕದ ಮನೆ

ಮೂವತ್ತೊಂದು ವರ್ಷ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ
ಕಬ್ಬಿನ ಗಾಡಿ ತೂಗಿದವನು ನಾನು.
ತುಂಬಿದ ಗಾಡಿ ಒಮ್ಮೆ, ಬರಿದಾದದ್ದು ಒಮ್ಮೆ,
ಕಳೆದರೆ ಉಳಿದದ್ದು ಕಬ್ಬು.
ಗಾಡಿಯವನು ಮೇಲೇ ಕೂತಿದ್ದರೂ ಇಳಿ ಅನ್ನುತ್ತಿರಲಿಲ್ಲ,
ಆ ತಕ್ಕಡಿಗೆ ಒಬ್ಬ ಮನುಷ್ಯ ಲೆಕ್ಕವೇ ಅಲ್ಲ.

ಈಗ ಭಾನುವಾರ ಮಧ್ಯಾಹ್ನ
ಗುತ್ತಲು ರಸ್ತೆಯ ನಮ್ಮ ಪುಟ್ಟ ಸಭೆಯ ಹಿಂಕೋಣೆಯಲ್ಲಿ
ಕಾಣಿಕೆ ಚೀಲ ಸುರಿದು ಎಣಿಸುತ್ತೇನೆ. ಖಜಾಂಚಿ.
ಬಸ್ ಕಂಡಕ್ಟರು ಬೇಡವೆಂದ ಹರಕು ಹತ್ತು,
ಅಂಟು ಹಚ್ಚಿದ ಇಪ್ಪತ್ತು,
ಯಾವುದೋ ಮಗುವಿನ ಮುಷ್ಟಿಯಿಂದ ಬಿದ್ದ ಎರಡು ರೂಪಾಯಿ
(ಅದೊಂದೇ ಇನ್ನೂ ಬೆಚ್ಚಗಿರುವುದು).
ಎಂಟು ಮಡಿಕೆಯ ಐನೂರು ವರ್ಷಕ್ಕೊಮ್ಮೆ,
ಮನೆಯಲ್ಲಿ ಆಪರೇಷನ್ ಇದ್ದಾಗ.

ಮೊದಲು ಕರೆಂಟ್ ಬಿಲ್ಲು,
ಆಮೇಲೆ ಸ್ಪೀಕರಿನ ಕಂತು, ಕ್ರಿಸ್ಮಸ್ಸಿನ ಸುಣ್ಣಬಣ್ಣ.
ತುಂಬಿದ್ದರಲ್ಲಿ ಎಲ್ಲ ಕಳೆದು
ಉಳಿದದ್ದು ಯೊವೇಲಪ್ಪ ಉಪದೇಶಿಗಳು.

ಆಗಸ್ಟಿನ ಕಮಿಟಿಯಲ್ಲಿ ಸಾವಿರ ಹೆಚ್ಚಿಸುವ ಮಾತು ಬಂತು.
"ಅವ್ರು ನಂಬಿಕೇಲಿ ಬದುಕ್ಬೇಕಾದೋರು" ಅಂದರು ಸುಗಂಧರಾಜ್,
"ಗುಡಾರ ಹೊಲ್ಕಂಡು ಸೇವೆ ಮಾಡ್ದೋರು ಇರ್ನಿಲ್ವ?"
ಎಲ್ಲರೂ ತಲೆಯಾಡಿಸಿದೆವು. ನಾನೇ ಬರೆದುಕೊಂಡೆ:
ಮುಂದಿನ ತಿಂಗಳಿಗೆ ಮುಂದೂಡಲಾಗಿದೆ.
ಟೀ, ಬೋಂಡ, ನೂರಾ ಎಂಬತ್ತು ರೂಪಾಯಿ. ಕಮಿಟಿ ಖರ್ಚು.

ಅಕ್ಟೋಬರಿನಲ್ಲಿ ಒಂದು ಭಾನುವಾರ
ಆಶೀರ್ವಾದಕ್ಕೆ ಅವರು ಕೈಯೆತ್ತಿದಾಗ
ಮುಂದಿನ ಬೆಂಚಿನಲ್ಲಿದ್ದೆ, ಕಣ್ಣು ಮುಚ್ಚಿರಲಿಲ್ಲ.
ಅಂಗೈ ತುಂಬ ಗೀರು, ತೆಳ್ಳಗೆ, ಅಡ್ಡಡ್ಡ.
ಕಬ್ಬಿನ ಗರಿಯ ಕೈಬರಹ ನನಗೆ ಗೊತ್ತಿಲ್ಲವೆ?

ಕೇಳಿದೆ. ನಕ್ಕರು.
"ಹನಕೆರೆ ಕಡೆ ಕಟಾವು ಸಾ. ನಾಕ್ ಗಂಟೆಗೆ ಎದ್ದೋದ್ರೆ ಹತ್ಕೆ ಮುಗೀತದೆ.
ಕೂಲಿಯೋರ ಜೊತೆ ನಾಕ್ ಮಾತೂ ಆಯ್ತದೆ."
ಅವಮಾನವೇನೂ ಇರಲಿಲ್ಲ ಆ ಮುಖದಲ್ಲಿ.
ಅದು ನನ್ನ ಮುಖಕ್ಕೆ ಬಂದು ಕೂತಿತು.

ಕಮಲಾಕ್ಷಿ ಹೋದ ರಾತ್ರಿ
ದೊಡ್ಡಾಸ್ಪತ್ರೆಯ ಮೆಟ್ಟಿಲಿಗೆ ಎರಡೂವರೆಗೆ ಬಂದವರು ಇವರೇ.
ಏನೂ ಬೋಧಿಸಲಿಲ್ಲ. ಬರಿಗಾಲಲ್ಲಿದ್ದೆ,
ನನ್ನ ಚಪ್ಪಲಿ ಹುಡುಕಿ ತಂದು ಮುಂದಿಟ್ಟರು.
ಬೆಳಗಾಗುವವರೆಗೂ ಪಕ್ಕದಲ್ಲಿ ಕೂತಿದ್ದರು.
ಕೆರಗೋಡಿನಿಂದ ಅಷ್ಟು ದೂರಕ್ಕೆ ಆ ಮೊಪೆಡ್ಡಿಗೆ
ಪೆಟ್ರೋಲು ಹಾಕಿಸಿದ್ದು ಯಾರು?
ಎಲ್ಲ ವೋಚರು ತಿರುವಿ ನೋಡಿದೆ. ಇಲ್ಲ.

ಗುಡಾರ ಹೊಲಿದವರು ಇದ್ದರು, ನಿಜ.
ಸೂಜಿ ಹಿಡಿದದ್ದು ಅವರ ದೊಡ್ಡತನ.
ಹಿಡಿಯಬೇಕಾಗಿ ಬಂದದ್ದು ಯಾರ ಸಣ್ಣತನವೆಂದು
ನಾವು ಕೇಳಿಕೊಳ್ಳಲಿಲ್ಲ.
ನಮ್ಮಪ್ಪ ಕಣದಲ್ಲಿ ಎತ್ತಿಗೆ ಕುಕ್ಕೆ ಕಟ್ಟಿದ್ದನ್ನು ಕಾಣೆ,
ಅಪ್ಪನಿಗೆ ಓದು ಬಾರದು.
ನಾವು ಓದುತ್ತೇವೆ, ಎದ್ದು ನಿಂತು, ಒಕ್ಕೊರಲಲ್ಲಿ.

ಆಲೆಮನೆಗೆ ದಾರಿಹೋಕ ಬಂದರೂ
ಲೋಟ ತುಂಬ ಕಬ್ಬಿನ ಹಾಲು, ಎಲೆಯ ಮೇಲೆ ಬಿಸಿಬೆಲ್ಲ
ಕೊಡದೆ ಕಳಿಸಿದ ಸೀಮೆಯೇ ಇದು?
ಕೊಪ್ಪರಿಗೆಯ ಮುಂದೆ ನಿಂತು ಬೇಯುವವನಿಗೆ ಮಾತ್ರ
ನಿನಗೆ ಘಮ ಸಾಕಲ್ಲ ಅಂದೆವಲ್ಲ.

ನಿನ್ನೆ ಹೊಸ ಪುಟ ತೆಗೆದೆ.
ಮೊದಲ ಸಾಲಿಗೆ ಅವರ ಹೆಸರು, ಕರೆಂಟ್ ಬಿಲ್ಲು ಕೆಳಗೆ.
ಸುಗಂಧರಾಜ್ ಕೂಗಾಡಲಿ. ಸ್ಪೀಕರ್ ಕಿತ್ತರೆ ಕೀಳಲಿ,
ನಲವತ್ತು ಜನಕ್ಕೆ ಯೊವೇಲಪ್ಪನ ಗಂಟಲು ಧಾರಾಳ.

ಹರಕು ನೋಟುಗಳನ್ನು ನನ್ನ ಜೇಬಿಗೆ ಹಾಕಿಕೊಂಡು
ಗರಿಗರಿ ನೋಟು ಒಯ್ದು ಲೀದ್ಯಮ್ಮನ ಕೈಗಿಟ್ಟೆ.
ನೋಡದೆಯೇ ಸೆರಗಿಗೆ ಕಟ್ಟಿಕೊಳ್ಳಹೋದರು.
"ಎಣಿಸಿಕೊಳ್ಳಿ" ಅಂದೆ.
"ಅಯ್ಯೋ, ದೇವರು ಕೊಟ್ಟದ್ದು, ಎಣಿಸೋದೆ?"
"ದೇವರು ಕೊಟ್ಟದ್ದು ಬೇರೆ, ಇದು ನಾವು ಕೊಡಬೇಕಾದ್ದು.
ಎಣಿಸದಿದ್ದರೆ ಭಿಕ್ಷೆ ಆಗುತ್ತೆ ಕಣಮ್ಮ, ಎಣಿಸಿ."

ಹೆಬ್ಬೆರಳಿಗೆ ಎಂಜಲು ಹಚ್ಚಿ
ನಿಧಾನಕ್ಕೆ, ಬಾಗಿಲಲ್ಲೇ ನಿಂತು, ಎಣಿಸತೊಡಗಿದರು.